ಕ್ರೈಸ್ತಧರ್ಮದಲ್ಲಿ ಪಾಪಕ್ಷಮೆ: ಶರಣದೃಷ್ಟಿಯಿಂದ ಒಂದು ವಿಮರ್ಶೆ

ರಾಯಚೂರಿನಿಂದ ಪಡುವಣಕ್ಕೆ ಹೊರಟವನಿಗೆ ಕಲ್ಮಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹಾದಿ ಮಾನ್ವಿ, ಸಿಂಧನೂರುಗಳ ಕಡೆಗೆ ತಿರುಗುತ್ತದೆ; ಇನ್ನೊಂದು ಲಿಂಗಸುಗೂರಿನತ್ತ ಸಾಗುತ್ತದೆ. ಮಾನ್ವಿಯ ಕಡೆ ನಡೆದರೆ ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟಗಳ ಸೀಮೆ. ಲಿಂಗಸುಗೂರಿನ ಕಡೆ ನಡೆದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಹೆಸರಿನೊಡನೆ ಬೆಸೆದುಕೊಂಡಿರುವ ಅಮರೇಶ್ವರ, ಅದರಾಚೆಗೆ ಮುದಗಲ್ಲು. ಆ ಮುದಗಲ್ಲಿನಲ್ಲಿ, ಕೋಟೆಯ ನೆರಳಿನಲ್ಲಿ, ಆದಿಲಶಾಹಿಗಳ ಕಾಲದಲ್ಲಿ ಗೋವೆಯ ಪಾದ್ರಿಗಳಿಂದ ಬೆಳೆದುಬಂದ ರೋಮನ್ ಕೆಥೋಲಿಕ್ ಸಮುದಾಯವೊಂದು ತಲೆಮಾರುಗಳಿಂದ ಕನ್ನಡದಲ್ಲಿಯೇ ದೇವರನ್ನು ಪ್ರಾರ್ಥಿಸುತ್ತ ಬಾಳಿದೆ. ಹೀಗೆ ಶರಣರು, ದಾಸರು, ಕ್ರೈಸ್ತರು ಎಂಬ ಮೂರು ಭಕ್ತಿಪರಂಪರೆಗಳು ಒಂದೇ ಮಣ್ಣಿನಲ್ಲಿ, ಒಂದೇ ಭಾಷೆಯಲ್ಲಿ, ಒಂದೇ ಪ್ರಶ್ನೆಯನ್ನು ಎದುರಿಸಿವೆ. ತಪ್ಪು ಮಾಡಿದ ಮನುಷ್ಯನಿಗೆ ಮುಂದೇನು ಗತಿ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಗೆ ಕ್ರೈಸ್ತಧರ್ಮವು ಕೊಡುವ ಉತ್ತರ ಪಾಪಕ್ಷಮೆ. ನಮ್ಮವರಲ್ಲಿ ಇದನ್ನು ಕುರಿತು ರೂಢವಾಗಿರುವ ಅಭಿಪ್ರಾಯವೊಂದುಂಟು. ವಾರವಿಡೀ ಪಾಪ ಮಾಡಿ, ಪಾದ್ರಿಯ ಮುಂದೆ ಒಪ್ಪಿಕೊಂಡು, ಮತ್ತೆ ಪಾಪಕ್ಕೆ ಹೊರಡುವ ಅಗ್ಗದ ವ್ಯವಸ್ಥೆ ಅದು ಎಂಬುದೇ ಆ ಅಭಿಪ್ರಾಯ. ಅತ್ತ ಕ್ರೈಸ್ತ ಪ್ರಚಾರಕರಲ್ಲಿಯೂ ಇದಕ್ಕೆ ಸರಿಜೋಡಿಯಾದ ಮಾತು ಬಹುಕಾಲ ನಡೆದುಬಂದಿತು: ಈ ದೇಶದ ಮತಗಳಲ್ಲಿ ಕರ್ಮದ ಕಟ್ಟುಂಟೇ ಹೊರತು ಕರುಣೆಯ ಬಿಡುಗಡೆಯಿಲ್ಲವೆಂದು. ಈ ಎರಡು ಮಾತುಗಳೂ ಗ್ರಂಥಪರೀಕ್ಷೆಗೆ ನಿಲ್ಲುವಂಥವಲ್ಲ ಎಂಬುದನ್ನು ತೋರಿಸುವುದೂ, ಆ ಪರೀಕ್ಷೆಯಿಂದ ನಾವು ನಮ್ಮ ಬಗೆಗೇ ಏನನ್ನು ಕಲಿಯಬೇಕಾಗಿದೆ ಎಂಬುದನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ.

ಶಬ್ದವಿಚಾರ

ಮೊದಲು ಶಬ್ದಗಳನ್ನು ನೋಡಬೇಕು. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆ. ಅಲ್ಲಿ ಪಾಪಕ್ಕೆ ಬಹುವಾಗಿ ಬಳಕೆಯಾಗಿರುವ ಶಬ್ದ 'ಹಮಾರ್ತಿಯಾ'. ಗುರಿ ತಪ್ಪುವುದೆಂಬುದು ಅದರ ಹಳೆಯ ಅರ್ಥ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಮತ್ತಾಯ ಹಾಗೂ ಲೂಕ ಇಬ್ಬರ ಸುವಾರ್ತೆಗಳಲ್ಲಿಯೂ ದೊರೆಯುತ್ತದೆ. ಲೂಕನ ಪಾಠದಲ್ಲಿ ಕ್ಷಮೆ ಬೇಡುವುದು ಪಾಪಗಳಿಗಾಗಿ. ಮತ್ತಾಯನ ಪಾಠದಲ್ಲಿ ಅದೇ ಸ್ಥಾನದಲ್ಲಿರುವುದು 'ಸಾಲಗಳು' ಎಂಬರ್ಥದ ಶಬ್ದ. ಇದಕ್ಕೆ ಕಾರಣ ದೂರವಿಲ್ಲ. ಯೇಸುವಿನ ಆಡುಮಾತಾದ ಅರಮೇಯಿಕದಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಶಬ್ದವಿತ್ತು. ಇನ್ನು ಕ್ಷಮೆಗೆ ಬಳಸಿರುವ 'ಆಫೆಸಿಸ್' ಎಂಬುದಕ್ಕೆ ಬಿಟ್ಟುಬಿಡುವುದು, ಸೆರೆಯಿಂದ ಕಳುಹಿಸಿಕೊಡುವುದು ಎಂದರ್ಥ. ಪಶ್ಚಾತ್ತಾಪಕ್ಕೆ ಬಳಸಿರುವ 'ಮೆತನೋಯಿಯಾ' ಎಂದರೆ ಮನಸ್ಸು ತಿರುಗುವುದು. ಅದರ ಹಿಂದಿರುವ ಹೀಬ್ರೂ ಧಾತುವಿಗೆ ಮರಳಿ ಬರುವುದು ಎಂದರ್ಥ.

ಇಂಥ ಶಬ್ದಗಳನ್ನು ಕನ್ನಡಕ್ಕೆ ತರುವ ಕೆಲಸ ನಮಗೆ ಸಮೀಪದ ಬಳ್ಳಾರಿಯಲ್ಲಿ ನಡೆಯಿತು. ೧೮೧೦ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ ೧೮೩೧ರ ಹೊತ್ತಿಗೆ ಬೈಬಲು ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಅನುವಾದಕನ ಮುಂದೆ ಆಗ ಇದ್ದ ಶಬ್ದಗಳು ಯಾವುವು? ಪಾಪ, ದೋಷ, ಪರಿಹಾರ, ನಿವಾರಣೆ, ಪ್ರಾಯಶ್ಚಿತ್ತ, ವಿಮೋಚನೆ, ಕ್ಷಮೆ. ಇವುಗಳಲ್ಲಿ ಯಾವುದೂ ಬರಿಯ ಶಬ್ದವಲ್ಲ. ಒಂದೊಂದಕ್ಕೂ ಸಾವಿರ ವರ್ಷದ ಸಂಸ್ಕಾರವಿದೆ. 'ಪರಿಹಾರ' ಎಂದೊಡನೆ ನಮ್ಮ ಶ್ರೋತೃವಿನ ಮನಸ್ಸಿಗೆ ಬರುವುದು ಗ್ರಹದೋಷ, ಶಾಂತಿ, ದಾನ. 'ಪ್ರಾಯಶ್ಚಿತ್ತ' ಎಂದೊಡನೆ ಬರುವುದು ಧರ್ಮಶಾಸ್ತ್ರದ ಕೃಚ್ಛ್ರ, ಚಾಂದ್ರಾಯಣಗಳು. ಇಂಥ ಶಬ್ದಗಳ ಮೂಲಕ ಕೇಳಿದಾಗ ಪಾಪಕ್ಷಮೆಯು ಒಂದು ಮೈಲಿಗೆಯನ್ನು ತೊಳೆಯುವ ವಿಧಿಯಂತೆ ಕೇಳಿಸುವುದು ಸಹಜ. ತೊಳೆಯುವ ವಿಧಿ ಸುಲಭವಾದಷ್ಟೂ ಅಗ್ಗವೆನಿಸುವುದೂ ಸಹಜ. ಮೇಲೆ ಹೇಳಿದ ಅಪವಾದದ ಬೇರು ಬಹುಮಟ್ಟಿಗೆ ಇಲ್ಲಿದೆ.

ಪಾಪವನ್ನು ಮನುಷ್ಯ ಮೂರು ರೂಪಕಗಳಲ್ಲಿ ಭಾವಿಸಿಕೊಂಡು ಬಂದಿದ್ದಾನೆ. ಅದು ಮಲವಾದರೆ ತೊಳೆಯಬೇಕು. ಸಾಲವಾದರೆ ತೀರಿಸಬೇಕು, ಇಲ್ಲವೇ ಕೊಟ್ಟವನು ಬಿಡಬೇಕು. ಮುರಿದ ಸಂಬಂಧವಾದರೆ ಮರಳಿ ಬಂದು ಕೂಡಬೇಕು. ಬೈಬಲಿನಲ್ಲಿ ಈ ಮೂರು ರೂಪಕಗಳೂ ಉಂಟು. ಆದರೆ ಯೇಸುವಿನ ಬಾಯಿಂದ ಬಂದ ದೃಷ್ಟಾಂತಗಳಲ್ಲಿ ತೊಳೆಯುವ ಮಾತು ವಿರಳ. ಸಾಲದ ಮಾತೂ ಮರಳುವ ಮಾತೂ ಹೇರಳ.

ಇಲ್ಲಿ ಕನ್ನಡದ ಎರಡು ಶಬ್ದಗಳತ್ತ ಸಹೃದಯರ ಲಕ್ಷ್ಯವನ್ನು ಸೆಳೆಯಬೇಕು. ಒಂದು 'ಕ್ಷಮೆ'. ಸಂಸ್ಕೃತದ ಕ್ಷಮ್ ಧಾತುವಿಗೆ ತಾಳಿಕೊಳ್ಳುವುದು ಎಂದರ್ಥ. ಎಲ್ಲವನ್ನೂ ತಾಳಿಕೊಳ್ಳುವ ಭೂಮಿಗೂ ಕ್ಷಮಾ ಎಂದೇ ಹೆಸರು. ಕ್ಷಮಿಸುವವನು ತಪ್ಪಿನ ಭಾರವನ್ನು ತಾನು ಹೊರುತ್ತಾನೆ ಎಂಬ ಅರ್ಥ ಈ ಶಬ್ದದ ಹೊಟ್ಟೆಯಲ್ಲಿಯೇ ಇದೆ. ಬಿಟ್ಟುಬಿಡುವುದೆಂಬ ಗ್ರೀಕ್ ಶಬ್ದದಲ್ಲಿ ಅದಿಲ್ಲ. ಇನ್ನೊಂದು 'ಮನ್ನಿಸು'. ಕನ್ನಡದಲ್ಲಿ ಇದಕ್ಕೆ ಗೌರವಿಸು ಎಂಬುದೂ ಅರ್ಥ, ಕ್ಷಮಿಸು ಎಂಬುದೂ ಅರ್ಥ. ಗಡಿನಾಡಿನವರಾದ ನಮಗೆ ಪರಿಚಿತವಾದ ತೆಲುಗಿನ 'ಮನ್ನಿಂಚು' ಎಂಬುದರಲ್ಲಿಯೂ ಇದೇ ಎರಡರ್ಥ. ಮನ್ನಣೆ ಕೊಡುವುದೇ ಮನ್ನಿಸುವುದು. ತಪ್ಪಿನಿಂದ ಮಾನ ಕಳೆದುಕೊಂಡವನಿಗೆ ಮಾನವನ್ನು ಮರಳಿ ಕೊಡುವುದೇ ಕ್ಷಮೆ. ಈ ಎರಡು ಶಬ್ದಗಳನ್ನು ಕೈಯಲ್ಲಿ ಹಿಡಿದು ಓದಿದರೆ ಸುವಾರ್ತೆಯ ದೃಷ್ಟಾಂತಗಳು ಕನ್ನಡಿಗನಿಗೆ ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ.

ಮೂರು ದೃಷ್ಟಾಂತಗಳು

ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯದ ಕಥೆ ಲೋಕಪ್ರಸಿದ್ಧ. ತಂದೆ ಬದುಕಿರುವಾಗಲೇ ತನ್ನ ಪಾಲನ್ನು ಪಡೆದು ಪರದೇಶಕ್ಕೆ ಹೋದ ಕಿರಿಯ ಮಗ ಎಲ್ಲವನ್ನೂ ಹಾಳುಮಾಡಿಕೊಂಡು, ಹಂದಿ ಕಾಯುವ ಸ್ಥಿತಿಗಿಳಿದು, ಕೂಲಿಯವನಾಗಿಯಾದರೂ ಇರೋಣವೆಂದು ಹಿಂತಿರುಗುತ್ತಾನೆ. ದಾರಿಯಲ್ಲಿ ಅವನು ಒಂದು ಅರಿಕೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ತಂದೆ ಅವನನ್ನು ದೂರದಲ್ಲಿಯೇ ಕಂಡು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಕೂಲಿಯವನಾಗುವೆನೆಂಬ ಮಾತು ಮಗನ ಬಾಯಿಂದ ಹೊರಡುವ ಮೊದಲೇ ಅಂಗಿ, ಉಂಗುರ, ಕೆರಗಳು ಬರುತ್ತವೆ. ಕಥನಕಲೆಯ ದೃಷ್ಟಿಯಿಂದ ಇಲ್ಲಿಯ ಸ್ವಾರಸ್ಯವೆಲ್ಲ ಆ ಅರ್ಧಕ್ಕೆ ನಿಂತ ಅರಿಕೆಯಲ್ಲಿದೆ. ಉಂಗುರವು ಮಗನ ಅಧಿಕಾರದ ಗುರುತು, ಕೆರವು ಆಳಲ್ಲದವನ ಗುರುತು. ತಂದೆ ಅವನ ತಪ್ಪಿನ ಲೆಕ್ಕವನ್ನು ತೆಗೆಯುವುದಿಲ್ಲ. ಅವನನ್ನು ಮನ್ನಿಸುತ್ತಾನೆ, ನಮ್ಮ ಶಬ್ದದ ಎರಡೂ ಅರ್ಥಗಳಲ್ಲಿ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಿರಿಯ ಮಗ ಹೊಲದಿಂದ ಬಂದು ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದ ನನಗೇನು ಸಿಕ್ಕಿತೆಂದು ಮುನಿಯುತ್ತಾನೆ. ತಂದೆ ಅವನನ್ನೂ ಬೇಡಿಕೊಳ್ಳುತ್ತಾನೆ. ಅವನು ಒಳಗೆ ಬಂದನೇ ಇಲ್ಲವೇ ಎಂಬುದನ್ನು ಕಥೆ ಹೇಳುವುದಿಲ್ಲ. ಕ್ಷಮೆ ಅಗ್ಗವೆಂದು ಆಕ್ಷೇಪಿಸುವ ನಾವೆಲ್ಲರೂ ಆ ಹಿರಿಯ ಮಗನ ಪಕ್ಕದಲ್ಲಿ ಅಂಗಳದಲ್ಲಿ ನಿಂತವರೇ. ನಮ್ಮ ಆಕ್ಷೇಪವನ್ನು ಆ ಕಥೆ ಮೊದಲೇ ಬಲ್ಲದು.

ಎರಡನೆಯದು ಮತ್ತಾಯನ ೧೮ನೆಯ ಅಧ್ಯಾಯದ್ದು. ಸೇವಕನೊಬ್ಬ ದೊರೆಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿರುತ್ತದೆ; ದೊರೆ ಕನಿಕರದಿಂದ ಎಲ್ಲವನ್ನೂ ಬಿಡುತ್ತಾನೆ. ಹೊರಗೆ ಬಂದ ಅದೇ ಸೇವಕ ತನಗೆ ನೂರು ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸುತ್ತಾನೆ. ದಿನಾರಿ ಎಂದರೆ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಎಂದರೆ ಸೇವಕನಿಗೆ ಬಿಟ್ಟ ಸಾಲ ಆರು ಕೋಟಿ ದಿನದ ಕೂಲಿ, ಅವನು ಬಿಡದೆ ಹೋದದ್ದು ನೂರು ದಿನದ್ದು. ಈ ಅತಿಶಯೋಕ್ತಿ ಉದ್ದೇಶಪೂರ್ವಕವಾದುದು. ದೊರೆ ತನ್ನ ಕ್ಷಮೆಯನ್ನು ಹಿಂದಕ್ಕೆ ಪಡೆಯುವುದರೊಂದಿಗೆ ಕಥೆ ಮುಗಿಯುತ್ತದೆ. ಸಾಲಮನ್ನಾದ ಮಾತನ್ನು ಚೆನ್ನಾಗಿ ಬಲ್ಲ ನಮ್ಮ ಸೀಮೆಯ ರೈತನಿಗೆ ಇನ್ನೊಂದು ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ: ಮನ್ನಾ ಮಾಡಿದ ಸಾಲ ಮಾಯವಾಗುವುದಿಲ್ಲ, ಬೇರೆ ಯಾರೋ ಅದನ್ನು ಹೊರುತ್ತಾರೆ. ಈ ಕಥೆಯಲ್ಲಿ ಹೊತ್ತವನು ದೊರೆ. ಹೊತ್ತವನ ಮನೆಯಿಂದ ಹೊರಬಂದು ಇನ್ನೊಬ್ಬನ ಕುತ್ತಿಗೆ ಹಿಡಿಯುವವನಿಗೆ ಕ್ಷಮೆ ದಕ್ಕುವುದಿಲ್ಲ ಎಂಬುದು ತಾತ್ಪರ್ಯ.

ಮೂರನೆಯದು ದೃಷ್ಟಾಂತವಲ್ಲ, ಪ್ರಸಂಗ. ಯೆರಿಕೋ ಪಟ್ಟಣದ ಸುಂಕದ ಅಧಿಕಾರಿ ಜಕ್ಕಾಯ ಯೇಸುವನ್ನು ನೋಡಲು ಮರ ಹತ್ತುತ್ತಾನೆ. ಯೇಸು ತಾನಾಗಿಯೇ ಅವನ ಮನೆಗೆ ಊಟಕ್ಕೆ ಹೋಗುತ್ತಾನೆ. ಜನ ಗೊಣಗುತ್ತಾರೆ. ಆಗ ಜಕ್ಕಾಯ ಎದ್ದುನಿಂತು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಇಲ್ಲಿಯ ಕ್ರಮವನ್ನು ಗಮನಿಸಬೇಕು. ಮನ್ನಣೆ ಮೊದಲು, ಮರಳಿಸುವಿಕೆ ಆಮೇಲೆ. ಮರಳಿಸಿದ್ದಕ್ಕೆ ಮನ್ನಣೆ ಸಿಕ್ಕಿತೆಂದಲ್ಲ. ಮನ್ನಣೆ ಸಿಕ್ಕವನು ಮರಳಿಸದೆ ಇರಲಾರದೆ ಹೋದ. ಗ್ರಂಥದಲ್ಲಿ ಪಾಪಕ್ಷಮೆ ಅಗ್ಗವಾಗಿದೆಯೆಂಬ ಮಾತಿಗೆ ಈ ಮೂರು ಸ್ಥಳಗಳೇ ಸಾಕಾದಷ್ಟು ಉತ್ತರ.

ಪಾಪನಿವೇದನೆಯ ಇತಿಹಾಸ

ಗ್ರಂಥದಲ್ಲಿ ಇಲ್ಲದ ಅಗ್ಗತನ ಇತಿಹಾಸದಲ್ಲಿ ಬಂದಿಲ್ಲವೆಂದು ಹೇಳಲಾಗದು. ಆದಿಕಾಲದ ಸಭೆಯಲ್ಲಿ ದೀಕ್ಷಾಸ್ನಾನದಿಂದ ಹಿಂದಿನ ಪಾಪಗಳೆಲ್ಲ ಕ್ಷಮಿಸಲ್ಪಡುತ್ತವೆ ಎಂಬ ನಂಬಿಕೆಯಿತ್ತು. ಆದರೆ ದೀಕ್ಷೆಯಾದ ಮೇಲೆ ಮಾಡಿದ ಪಾಪಕ್ಕೆ ಗತಿಯೇನು? ಇದೇ ನಿಜವಾದ ತೊಡಕು. ಒಮ್ಮೆ ಮಾತ್ರ ಮತ್ತೊಂದು ಅವಕಾಶವುಂಟೆಂದು ಕೆಲವರು, ಇಲ್ಲವೆಂದು ಕೆಲವರು ವಾದಿಸಿದರು. ಮೂರನೆಯ ಶತಮಾನದಲ್ಲಿ ರೋಮನ್ ಸಾಮ್ರಾಟರ ಹಿಂಸೆಗೆ ಹೆದರಿ ಧರ್ಮವನ್ನು ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ವಿಷಯದಲ್ಲಿ ಸಭೆಯೇ ಒಡೆಯಿತು. ಬಹಿರಂಗದ ಕಠೋರ ಪ್ರಾಯಶ್ಚಿತ್ತ ಕ್ರಮೇಣ ಗುಟ್ಟಿನ ಪಾಪನಿವೇದನೆಯಾಯಿತು. ೧೨೧೫ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡತಕ್ಕದ್ದೆಂದು ವಿಧಿಸಿತು. ಮುಂದೆ ದಂಡವಿನಾಯಿತಿಯ ಪತ್ರಗಳು ಹಣಕ್ಕೆ ದೊರೆಯುವಂತಾದಾಗ ಆಕ್ಷೇಪಿಸಿದವನು ಹೊರಗಿನವನಲ್ಲ. ಕ್ರೈಸ್ತ ಸಂನ್ಯಾಸಿಯಾದ ಮಾರ್ಟಿನ್ ಲೂಥರ್. ೧೫೧೭ರಲ್ಲಿ ಅವನು ಪ್ರಕಟಿಸಿದ ೯೫ ಪ್ರಮೇಯಗಳಲ್ಲಿ ಮೊದಲನೆಯದರ ತಾತ್ಪರ್ಯವೇ ಭಕ್ತನ ಇಡೀ ಜೀವಿತವು ಪಶ್ಚಾತ್ತಾಪವಾಗಬೇಕೆಂಬುದು. ೧೫೫೧ರಲ್ಲಿ ಟ್ರೆಂಟಿನ ಮಹಾಸಭೆಯು ಕೆಥೋಲಿಕ್ ಪಕ್ಷದ ಸಿದ್ಧಾಂತವನ್ನು ಸ್ಥಿರಪಡಿಸಿತು: ಮನಸ್ಸಿನ ನೋವು, ಬಾಯಿಯ ನಿವೇದನೆ, ಕೈಯ ಪ್ರಾಯಶ್ಚಿತ್ತ ಈ ಮೂರೂ ಬೇಕು. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದವನಿಗೆ ಪಾದ್ರಿಯ ಮಾತಿನಿಂದ ಬಿಡುಗಡೆಯಿಲ್ಲವೆಂಬುದು ಆ ಸಂಪ್ರದಾಯದಲ್ಲಿ ಇಂದಿಗೂ ನಿಂತಿರುವ ನಿಯಮ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ೧೯೭೩ರಲ್ಲಿ ಪರಿಷ್ಕೃತವಾದ ವಿಧಿಯಲ್ಲಿ ದಂಡಕ್ಕಿಂತ ಸಂಧಾನಕ್ಕೆ ಹೆಚ್ಚಿನ ಒತ್ತು ಬಿದ್ದಿದೆ.

ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್ ೧೯೩೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಗ್ಗದ ಕೃಪೆಯೇ ಕ್ರೈಸ್ತಸಭೆಯ ಪರಮಶತ್ರುವೆಂದು ವಾದಿಸಿದನು. ಹಿಟ್ಲರನ ಆಳ್ವಿಕೆಯನ್ನು ವಿರೋಧಿಸಿದ್ದಕ್ಕಾಗಿ ೧೯೪೫ರಲ್ಲಿ ಗಲ್ಲಿಗೇರಿದನು. ಎಂದ ಮೇಲೆ ನಾವು ಎತ್ತುವ ಆಕ್ಷೇಪವನ್ನು ಅವರೊಳಗಿನವರೇ, ನಮಗಿಂತ ತೀಕ್ಷ್ಣವಾಗಿ, ಪ್ರಾಣವನ್ನು ಒತ್ತೆಯಿಟ್ಟು ಎತ್ತಿದ್ದಾರೆ. ಧರ್ಮವೊಂದನ್ನು ಅದರ ಪತನದಿಂದ ಅಳೆಯುವುದಾದರೆ ಯಾವ ಧರ್ಮವೂ ಉಳಿಯಲಾರದು.

ಶರಣರ ನಿಲುವು

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ವೀರಶೈವ ಸಿದ್ಧಾಂತದಲ್ಲಿ ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯಗಳು ದೀಕ್ಷೆಯಿಂದ ನಿವೃತ್ತವಾಗುತ್ತವೆ. ಗುರುವಿನ ಹಸ್ತವು ಮಸ್ತಕವನ್ನು ಮುಟ್ಟಿದಾಗ ಭಕ್ತನಿಗೆ ಪುನರ್ಜಾತತ್ವ. ಶಾಸ್ತ್ರದ ಭಾಷೆಯಲ್ಲಿ ಪಾಪವು ಮಲ, ದೀಕ್ಷೆಯು ಮಲನಿವಾರಣೆ. ಆದರೆ ವಚನಗಳ ಭಾಷೆ ಇಷ್ಟಕ್ಕೆ ನಿಲ್ಲುವುದಿಲ್ಲ. ಬಸವಣ್ಣನವರ ಆತ್ಮನಿಂದೆಯ ವಚನಗಳನ್ನು ಓದಿದವರಿಗೆ ಇದು ವೇದ್ಯ. ತಮ್ಮ ಮನಸ್ಸಿನ ಚಂಚಲತೆಯನ್ನೂ, ನುಡಿಗೂ ನಡೆಗೂ ಇರುವ ಅಂತರವನ್ನೂ, ಬೂಟಾಟಿಕೆಯನ್ನೂ ಅವರು ಕೂಡಲಸಂಗಮದೇವನ ಮುಂದೆ ಬಿಚ್ಚಿಡುತ್ತಾರೆ. ಇವು ದೀಕ್ಷೆಗೆ ಮುಂಚಿನ ಮಾತುಗಳಲ್ಲ. ಇಷ್ಟಲಿಂಗವು ಅಂಗದ ಮೇಲಿರುವಾಗಲೇ ಆಡಿದವು. ದೀಕ್ಷೆಯಾದ ಮೇಲಿನ ತಪ್ಪಿಗೆ ಗತಿಯೇನೆಂದು ಕ್ರೈಸ್ತಸಭೆಯನ್ನು ಶತಮಾನಗಳ ಕಾಲ ಕಾಡಿದ ಪ್ರಶ್ನೆಗೆ ವಚನಕಾರರ ಉತ್ತರ ಇಲ್ಲಿದೆ. ಮಧ್ಯವರ್ತಿಯಿಲ್ಲದೆ ದೇವರೊಡನೆಯೇ ಅರಿಕೆ. ಆದರೆ ಅದು ಗುಟ್ಟಿನ ಅರಿಕೆಯಲ್ಲ, ಶರಣರ ಸಭೆ ಕೇಳುವಂತೆ ಆಡಿದ ಅರಿಕೆ. ಇಲ್ಲಿ ಪಾಪವು ಮಲವಾಗಿರುವುದಕ್ಕಿಂತ ಹೆಚ್ಚಾಗಿ ನೀನು–ನಾನು ಎಂಬ ಸಂಬಂಧದ ಬಿರುಕಾಗಿದೆ. ಕ್ರೈಸ್ತಭಾವಕ್ಕೆ ಶರಣಸಾಹಿತ್ಯದಲ್ಲಿ ಅತ್ಯಂತ ಸಮೀಪವಾದ ಸ್ಥಾನ ಇದೇ.

ಶರಣರಲ್ಲಿ ಎಲ್ಲರೂ ಇದೇ ಸ್ಥಾನದಲ್ಲಿ ನಿಂತವರಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಕೆರೆ ಕಟ್ಟಿಸುತ್ತಿರುವ ಸಿದ್ಧರಾಮನನ್ನು ಒಡ್ಡನೆಂದು ಕೆಣಕುತ್ತಾನೆ. ಕೆಲಸದವರು ಕಲ್ಲೆಸೆಯುತ್ತಾರೆ, ಸಿದ್ಧರಾಮ ಉರಿಗಣ್ಣನ್ನೇ ತೆರೆಯುತ್ತಾನೆ. ಅಲ್ಲಮನಿಗೆ ಕಲ್ಲೂ ತಾಗದು, ಉರಿಯೂ ತಾಗದು. ಆದುದರಿಂದ ಅಲ್ಲಿ ಕ್ಷಮೆಯ ಮಾತೇ ಬರುವುದಿಲ್ಲ, ಬರುವುದು ಬೋಧೆ. ನೋವುಣ್ಣುವ ಅಹಂ ಇಲ್ಲದಲ್ಲಿ ಕ್ಷಮಿಸುವವನಾದರೂ ಯಾರು? ಇದು ಜ್ಞಾನದ ನೆಲೆ. ಕ್ರೈಸ್ತಧರ್ಮವು ಈ ನೆಲೆಯನ್ನು ಒಪ್ಪಲಾರದು. ಅದರ ದೇವರು ನಿಜವಾಗಿ ನೋಯುತ್ತಾನೆ, ನೊಂದು ಕ್ಷಮಿಸುತ್ತಾನೆ. ಎರಡು ಧರ್ಮಗಳ ನಡುವಿನ ನಿಜವಾದ ಭೇದ ಇಲ್ಲಿದೆಯೇ ಹೊರತು ಅಗ್ಗ ತುಟ್ಟಿಗಳ ಲೆಕ್ಕದಲ್ಲಿಲ್ಲ.

ಇನ್ನೊಂದು ನೆಲೆಯೂ ಉಂಟು. ತಮ್ಮ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದರೆಂದು ಕೇಳಿದಾಗ ಬಸವಣ್ಣನವರು ಹಾಗೆನ್ನಬೇಡಿರೆಂದು ಬೇಡಿಕೊಂಡ ವಚನವೊಂದಿದೆ. ಅಲ್ಲಿ ಉಣ್ಣುವವನೂ ಸಂಗ, ಇಲ್ಲಿ ಉಣ್ಣುವವನೂ ಸಂಗನೇ ಎಂಬುದು ಅದರ ಭಾವ. ಕಳ್ಳನೆಂಬ ಹೆಸರನ್ನೇ ಅವನಿಂದ ತೆಗೆದುಹಾಕಿದ ಮೇಲೆ ಉಳಿಯುವುದು ಮನ್ನಣೆ ಮಾತ್ರ. ಕಳವಿಗೆ ಬಂದು ದೀಕ್ಷೆಯನ್ನು ಕಂಡು ಶರಣನಾದನೆಂದು ಐತಿಹ್ಯವು ಹೇಳುವ ಉರಿಲಿಂಗಪೆದ್ದಿ, ಕನ್ನ ಕೊರೆಯುವ ಕಸುಬಿನ ಹೆಸರನ್ನೇ ಹೊತ್ತ ಕನ್ನದ ಮಾರಿತಂದೆ, ಸೂಳೆ ಸಂಕವ್ವೆ ಇವರೆಲ್ಲ ಇಂಥ ಮನ್ನಣೆಯ ಫಲಗಳು. ಹಿಂದಿನ ಹೆಸರನ್ನು ಮುಚ್ಚಿಡದೆಯೇ ಅವರನ್ನು ಶರಣರ ಪಂಕ್ತಿಯಲ್ಲಿ ಕೂರಿಸಿದ್ದು ನಮ್ಮ ಪರಂಪರೆಯ ಹಿರಿಮೆ.

ಜಕ್ಕಾಯನ ಪ್ರಸಂಗಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಪ್ರತಿರೂಪವಿದೆ. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಆಶೆಯೆಂದು ಕರೆದು, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆಕೆ ಗಂಡನನ್ನು ತೊರೆಯಲಿಲ್ಲ, ತಪ್ಪನ್ನು ಮುಚ್ಚಲಿಲ್ಲ, ಯಾವ ತೀರ್ಥಕ್ಕೂ ಕಳುಹಿಸಲಿಲ್ಲ. ಅಕ್ಕಿ ಮರಳಿತು, ಕಾಯಕ ಮುಂದುವರಿಯಿತು. ಕ್ಷಮೆಯ ಶಾಸ್ತ್ರವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲು ಬಾರದು.

ಒಬ್ಬರ ಹೊರೆ ಇನ್ನೊಬ್ಬರಿಗೆ

ಇಷ್ಟರ ಮೇಲೆಯೂ ಶರಣಧರ್ಮದ ಓದುಗನಿಗೆ ಒಂದು ಸಂದೇಹ ಉಳಿಯುತ್ತದೆ. ಒಬ್ಬನ ಪಾಪಕ್ಕೆ ಇನ್ನೊಬ್ಬನ ಮರಣವು ಈಡಾಗುವುದು ಹೇಗೆ? ಮಾಡಿದ್ದುಣ್ಣೋ ಮಹಾರಾಯ ಎಂಬುದು ನಮ್ಮ ಗಾದೆ. ಹಬ್ಬಕ್ಕೆ ತಂದ ಹರಕೆಯ ಕುರಿಯ ಬಗ್ಗೆ ಕನಿಕರಪಟ್ಟ ಬಸವಣ್ಣನವರ ಸಂತಾನಕ್ಕೆ ಬಲಿಯ ರಕ್ತದಿಂದ ಪಾಪ ಹೋಗುವುದೆಂಬ ಮಾತು ಮುಟ್ಟುವುದೇ ಇಲ್ಲ.

ಕ್ರೈಸ್ತರಲ್ಲಿಯೂ ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಹೋರಿ ಹೋತಗಳ ರಕ್ತದಿಂದ ಪಾಪ ತೊಲಗದೆಂದು ಹೊಸ ಒಡಂಬಡಿಕೆಯ ಇಬ್ರಿಯರ ಪತ್ರಿಕೆಯೇ ವಾದಿಸುತ್ತದೆ. ಬಸವಯುಗಕ್ಕೆ ಕೆಲವೇ ದಶಕಗಳ ಹಿಂದೆ ಆನ್‌ಸೆಲ್ಮನು ಶಿಲುಬೆಯ ಮರಣವನ್ನು ದೇವರ ಮಾನಕ್ಕೆ ಸಲ್ಲಿಸಿದ ತುಂಬಿಕೊಡುವಿಕೆಯೆಂದು ವಿವರಿಸಿದನು. ಅವನಿಗಿಂತ ಕಿರಿಯನಾದ ಅಬೆಲಾರ್ಡನು, ಆ ಮರಣವು ಮನುಷ್ಯನ ಹೃದಯವನ್ನು ಪ್ರೇಮದಿಂದ ಕರಗಿಸುವುದರ ಮೂಲಕವೇ ಬಿಡುಗಡೆ ಮಾಡುತ್ತದೆಂದನು. ಶಿಲುಬೆಯ ಮೇಲಿಂದ ಯೇಸು ತನ್ನನ್ನು ಕೊಲ್ಲುವವರಿಗಾಗಿ, ಅವರು ಅರಿಯರೆಂಬ ಕಾರಣವನ್ನು ಮುಂದಿಟ್ಟು, ಕ್ಷಮೆ ಬೇಡಿದನೆಂದು ಲೂಕನ ಸುವಾರ್ತೆಯಲ್ಲಿದೆ. ಈ ವಾಕ್ಯವು ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ. ಆದರೂ ಇಡೀ ಕ್ರೈಸ್ತಪರಂಪರೆ ಅದನ್ನು ಕೈಬಿಡಲೊಪ್ಪಲಿಲ್ಲ. ಶಿಲುಬೆಯ ಅರ್ಥವೇ ಅದೆಂದು ತಿಳಿಯಿತು. ಮಂಜೇಶ್ವರದ ಗೋವಿಂದ ಪೈಯವರು ಯೇಸುವಿನ ಕಡೆಯ ದಿನವನ್ನು ವಸ್ತುವಾಗಿಸಿ 'ಗೊಲ್ಗೊಥಾ' ಖಂಡಕಾವ್ಯವನ್ನು ಬರೆದಾಗ ಅವರ ಪ್ರತಿಭೆಯನ್ನು ಸೆಳೆದದ್ದು ಈಡಿನ ಸಿದ್ಧಾಂತವಲ್ಲ, ತಾಳಿಕೊಳ್ಳುವ ವ್ಯಕ್ತಿ. ಕ್ಷಮೆಯೆಂಬ ಶಬ್ದದ ಧಾತ್ವರ್ಥವನ್ನು ಕನ್ನಡ ಕವಿಯೊಬ್ಬರು ಹೀಗೆ ಸಹಜವಾಗಿ ಕಂಡುಕೊಂಡರು.

ಇನ್ನೊಬ್ಬರ ಹೊರೆಯನ್ನು ಹೊರುವ ಭಾವ ಈ ಮಣ್ಣಿಗೆ ಅಪರಿಚಿತವೂ ಅಲ್ಲ. ಕಲ್ಮಲದ ಕವಲಿನಿಂದ ಮಾನ್ವಿಯ ಕಡೆಗೆ ಸಾಗಿದರೆ ಕೇಳಿಬರುವ ದಾಸಪರಂಪರೆಯ ಕಥೆ ಇದು. ಬ್ಯಾಗವಾಟದ ಪಂಡಿತ ಶ್ರೀನಿವಾಸಾಚಾರ್ಯರು ಕನ್ನಡ ಪದಗಳನ್ನು ಹಾಡುವ ವಿಜಯದಾಸರನ್ನು ಲಘುವಾಗಿ ಕಂಡು, ಹೊಟ್ಟೆನೋವೆಂದು ಸುಳ್ಳು ಹೇಳಿ ಅವರ ಪಂಕ್ತಿಯನ್ನು ತಪ್ಪಿಸಿದರಂತೆ. ಸುಳ್ಳಿನ ನೋವು ನಿಜದ ನೋವಾಗಿ ಬಾಧಿಸಿತು. ಕೊನೆಗೆ ಶರಣುಹೋದಾಗ ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿ ೧೮೦೯ರವರೆಗೆ ಬಾಳಿದರು. ಐತಿಹ್ಯವನ್ನು ಇತಿಹಾಸದ ಅಳತೆಗೋಲಿನಿಂದ ಅಳೆಯಬೇಕಾಗಿಲ್ಲ. ಜನಮನಸ್ಸು ಏನನ್ನು ನಂಬಲು ಬಯಸಿತೆಂಬುದು ಮುಖ್ಯ. ಅಪರಾಧಿಗೆ ಕ್ಷಮೆ ದೊರೆತದ್ದು ಅಪರಾಧಕ್ಕೆ ಗುರಿಯಾದವರ ಬಳಗದಲ್ಲೊಬ್ಬರು ತಮ್ಮ ಜೀವದ ಪಾಲನ್ನು ತೆತ್ತುದರಿಂದ. ಮುದಗಲ್ಲಿನ ಕ್ರೈಸ್ತನು ಈ ಕಥೆಯನ್ನು ಕೇಳಿದರೆ ಅವನಿಗೆ ಅದು ಹೊಸದಾಗಿ ತೋರಲಾರದು.

ಹುಟ್ಟು ಮತ್ತು ಪಾಪ

ಇಲ್ಲಿ ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಯೋಹಾನನ ಸುವಾರ್ತೆಯ ೯ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು, ಇವನು ಹೀಗೆ ಹುಟ್ಟಲು ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳುತ್ತಾರೆ. ಯೇಸು ಇಬ್ಬರೂ ಅಲ್ಲವೆನ್ನುತ್ತಾನೆ. ಹುಟ್ಟಿಗೂ ಪಾಪಕ್ಕೂ ಗಂಟುಹಾಕುವುದನ್ನು ಅವನು ಒಪ್ಪಲಿಲ್ಲ. ಜಾತಿಸೂತಕ, ಜನನಸೂತಕಗಳನ್ನು ತಳ್ಳಿಹಾಕಿದ ಶರಣರೂ ಒಪ್ಪಲಿಲ್ಲ. ಆದರೆ ನಮ್ಮ ಊರುಗಳಲ್ಲಿ ನಡೆದದ್ದೇನು? ಕೇರಿಯ ಜನರಿಗೆ ಅವರ ಹುಟ್ಟೇ ಹಿಂದಿನ ಪಾಪದ ಫಲವೆಂದು ಶತಮಾನಗಳ ಕಾಲ ಹೇಳಿದೆವು. ಮಾಡದ ಪಾಪಕ್ಕೆ ಹೀಗೆ ದಂಡ ತೆರುತ್ತ ಬಂದವರ ಕಿವಿಗೆ ಪಾಪಕ್ಷಮೆಯೆಂಬ ಮಾತು ಬಿದ್ದಾಗ, ಅವರು ಅದರಲ್ಲಿ ಕೇಳಿದ್ದು ದೇವತಾಶಾಸ್ತ್ರವನ್ನಲ್ಲ. ತಲೆಯ ಮೇಲಿನ ಆಪಾದನೆ ಇಳಿಯಿತೆಂಬ ಸಮಾಚಾರವನ್ನು. ಹೈದರಾಬಾದು ಕರ್ನಾಟಕದ ಹಳ್ಳಿಗಳಲ್ಲಿ ಅಂಥವರು ಚರ್ಚಿನ ಬಾಗಿಲಿಗೆ ಹೋದದ್ದನ್ನು ಆಮಿಷವೆಂಬ ಒಂದೇ ಶಬ್ದದಿಂದ ವಿವರಿಸುವುದು ಸುಲಭ. ಅವರು ಕೇಳಬೇಕಾಗಿದ್ದ ಮಾತು ಕಲ್ಯಾಣದಿಂದ ಎಂದೋ ಹೊರಟಿತ್ತು. ಅದನ್ನು ಕೇರಿಯವರೆಗೆ ಮುಟ್ಟಿಸದೆ ಹೋದವರು ನಾವು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. ಆ ಕಷ್ಟವೇ ನಮ್ಮ ಪಾಪನಿವೇದನೆಯಾಗಬೇಕು.

ಉಪಸಂಹಾರ

ಈ ವಿಚಾರದಿಂದ ಹೊರಡುವ ನಿರ್ಣಯ ಇಷ್ಟು. ಕ್ರೈಸ್ತಧರ್ಮದ ಪಾಪಕ್ಷಮೆಯು ಗ್ರಂಥದೃಷ್ಟಿಯಿಂದ ನೋಡಿದರೆ ಮೂರು ಅಂಗಗಳುಳ್ಳದ್ದು: ಕ್ಷಮಿಸುವವನು ಭಾರವನ್ನು ತಾಳುವುದು, ತಪ್ಪಿದವನಿಗೆ ಮಾನವನ್ನು ಮರಳಿ ಕೊಡುವುದು, ಮಾನ ಪಡೆದವನು ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದು. ಕ್ಷಮೆ ಎಂಬ ಶಬ್ದದಲ್ಲಿ ಮೊದಲನೆಯದೂ, ಮನ್ನಣೆ ಎಂಬ ಶಬ್ದದಲ್ಲಿ ಎರಡನೆಯದೂ ಕನ್ನಡದಲ್ಲಿಯೇ ಅಡಗಿವೆ. ಮೂರನೆಯದನ್ನು ಲಕ್ಕಮ್ಮ ನಡೆದು ತೋರಿಸಿದ್ದಾಳೆ. ಬದಲಿ ಮರಣದ ಸಿದ್ಧಾಂತದಲ್ಲಿ ಶರಣನು ಕ್ರೈಸ್ತನೊಡನೆ ಒಪ್ಪಲಾರನು; ಒಪ್ಪಬೇಕಾಗಿಯೂ ಇಲ್ಲ. ನೋವೇ ತಾಗದ ಅಲ್ಲಮನ ನೆಲೆಯನ್ನು ಕ್ರೈಸ್ತನು ಒಪ್ಪಲಾರನು. ಆದರೆ ತನಗೆ ಕ್ಷಮೆ ದೊರೆಯಿತೆಂದು ತಿಳಿದವನು ತಾನೂ ಕ್ಷಮಿಸಬೇಕೆಂಬ ಮಾತಿನಲ್ಲಿ ಭೇದಕ್ಕೆ ಆಸ್ಪದವಿಲ್ಲ.

ನಮ್ಮ ಹಳ್ಳಿಗಳಲ್ಲಿ ತಪ್ಪುಕಾಣಿಕೆಯ ಪದ್ಧತಿ ಉಂಟು. ಕಾಣಿಕೆ ಸಲ್ಲಿಸಿದವನನ್ನು ಮತ್ತೆ ಪಂಕ್ತಿಗೆ ಸೇರಿಸುವುದೂ ಉಂಟು. ಆದರೆ ಸಲ್ಲಿಸಿದ ಮೇಲೆಯೂ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು, ಬದುವಿನ ಒಂದು ಮೊಳಕ್ಕಾಗಿ ಒಬ್ಬರ ಮನೆಯ ಮಣ್ಣಿಗೆ ಇನ್ನೊಬ್ಬರು ಹೋಗದ ದಾಯಾದಿಗಳು, ಮನೆತನಕ್ಕೆ ಒಪ್ಪದ ಮದುವೆಯಾದಳೆಂದು ಮಗಳ ಹೆಸರನ್ನೇ ಎತ್ತದ ತಂದೆ ಇವರೆಲ್ಲ ದಿನವೂ ಇಷ್ಟಲಿಂಗವನ್ನು ಪೂಜಿಸುವವರೇ. ನೂರು ದಿನಾರಿಯ ಸಾಲಕ್ಕೆ ಕುತ್ತಿಗೆ ಹಿಡಿದವನ ಕಥೆ ಪರಧರ್ಮದ್ದೆಂದು ನಾವು ಪುಸ್ತಕ ಮುಚ್ಚಬಹುದು. ಕರಸ್ಥಲದ ಲಿಂಗವು ನಮ್ಮ ಕೈಯಲ್ಲಿರುವಾಗ ಅದೇ ಕೈ ಯಾರ ಕುತ್ತಿಗೆಯ ಮೇಲಿತ್ತೆಂಬುದನ್ನು ಮಾತ್ರ ಲಿಂಗದಿಂದ ಮುಚ್ಚಿಡಲಾಗದು. ಲಕ್ಕಮ್ಮ ಹೇಳಿದಂತೆ ಹೆಚ್ಚಿನ ಅಕ್ಕಿಯನ್ನು ಮೊದಲು ಸುರಿದು ಬರೋಣ; ದಾಸೋಹ ಆಮೇಲೆ ನಡೆಯಲಿ.